ಹೆಣಿಗೆ ಯಂತ್ರದ ಜನಕ ವಿಲಿಯಂ ಲೀ



ಬಿಸಿಲ ನಾಡೆಂದು ಹೆಸರಾದ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಡಿಸೆಂಬರ್, ಜನವರಿಯ ಮುಂಜಾವು ನಡುಕ ಹುಟ್ಟಿಸುತ್ತದೆ. ಸಿರಿಗೇರಿಯ ಗದ್ದೆ ಬದಿಯ ದಾರಿಯಲ್ಲಿ ಫಜರ್ ನಮಾಜಿಗೆ ಹೊರಟ ಹುಡುಗರ ಮೈಮೇಲೆ ಟೋಪಿ ಸೇರಿಸಿ ಹೆಣೆದ ಸ್ವೆಟರ್ ಇರುತ್ತದೆ. ಅದನ್ನು ಹೆಣೆದ ಯಂತ್ರದ ಮೂಲಪುರುಷ ಯಾರೆಂದು ನೀವು ಎಂದಾದರೂ ಯೋಚಿಸಿದ್ದೀರಾ?

ಆತನ ಹೆಸರು ವಿಲಿಯಂ ಲೀ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಸೀಮೆಯ ಕ್ಯಾಲ್ವರ್ಟನ್ ಎಂಬ ಹಳ್ಳಿಯವನು. 1563ರ ಸುಮಾರಿಗೆ ಹುಟ್ಟಿದ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದ. ಊರಿನ ಚರ್ಚಿನಲ್ಲಿ ಪಾದ್ರಿಯಾಗಿದ್ದನೆಂದು ಪ್ರತೀತಿ. ಅವನು ಮೆಚ್ಚಿದ ಹುಡುಗಿ ಸದಾ ಹೆಣಿಗೆಯಲ್ಲೇ ಮುಳುಗಿ ಇವನತ್ತ ನೋಡುತ್ತಿರಲಿಲ್ಲ, ಆ ಸಿಟ್ಟಿಗೆ ಯಂತ್ರ ಮಾಡಿದ ಎಂಬ ಕಥೆಯೂ ಇದೆ. ಕಥೆ ಚೆನ್ನಾಗಿದೆ, ಆದರೆ ಸಿಟ್ಟಿನಿಂದ ಯಂತ್ರ ಹುಟ್ಟುವುದಿಲ್ಲ. ಹೆಣೆಯುವ ಬೆರಳುಗಳನ್ನು ಅವನು ಬಹಳ ಕಾಲ ಗಮನಿಸಿರಬೇಕು.

ಕೈಹೆಣಿಗೆಯಲ್ಲಿ ಎಲ್ಲ ಕುಣಿಕೆಗಳೂ ಒಂದೇ ಕಡ್ಡಿಯ ಮೇಲಿದ್ದು ಒಂದೊಂದಾಗಿ ಹೆಣೆಯಲ್ಪಡುತ್ತವೆ. ಲೀ ಪ್ರತಿ ಕುಣಿಕೆಗೂ ಒಂದೊಂದು ಕೊಕ್ಕೆಸೂಜಿ ಕೊಟ್ಟು, ಇಡೀ ಸಾಲನ್ನು ಒಟ್ಟಿಗೆ ಹೆಣೆಯುವಂತೆ ಮಾಡಿದ. 1589ರಲ್ಲಿ ಮೊದಲ ಯಂತ್ರ ಸಿದ್ಧವಾಯಿತು. ಒಂದು ಅಂಗುಲಕ್ಕೆ ಎಂಟು ಸೂಜಿ. ಒರಟು ಉಣ್ಣೆಯ ಕಾಲುಚೀಲ ಮಾತ್ರ ಸಾಧ್ಯ.

ಇಲ್ಲೊಂದು ಮಾತು ಹೇಳಲೇಬೇಕು. ಹೆಣಿಗೆಯ ಕಲೆ ಯುರೋಪಿನಲ್ಲಿ ಹುಟ್ಟಿದ್ದಲ್ಲ. ಸಿಕ್ಕಿರುವ ಅತಿ ಹಳೆಯ ಹೆಣಿಗೆಯ ತುಣುಕುಗಳಲ್ಲಿ ಇಸ್ಲಾಮೀ ಆಡಳಿತದ ಈಜಿಪ್ಟಿನ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳು ಸೇರಿವೆ. ಸ್ಪೇನಿನಲ್ಲಿ 1275ರಲ್ಲಿ ತೀರಿಕೊಂಡ ರಾಜಕುಮಾರ ಫರ್ನಾಂಡೊನ ಸಮಾಧಿಯಲ್ಲಿ ದೊರೆತ ರೇಷ್ಮೆ ಹೆಣಿಗೆಯ ದಿಂಬಿನ ಮೇಲೆ ಕೂಫೀ ಲಿಪಿಯಲ್ಲಿ ಬರಕತ್ ಎಂಬ ಪದವಿದೆ. ಕ್ರೈಸ್ತ ರಾಜಕುಮಾರನ ತಲೆದಿಂಬಿಗೆ ಅರಬ್ಬೀ ಹಾರೈಕೆ!

ಲೀ ಯಂತ್ರವನ್ನು ಲಂಡನ್ನಿಗೆ ಒಯ್ದ. ಎಲಿಜಬೆತ್ ರಾಣಿ ಹಕ್ಕುಪತ್ರ ಕೊಡಲಿಲ್ಲ. ಹೆಣಿಗೆಯಿಂದ ಹೊಟ್ಟೆ ಹೊರೆಯುವ ಬಡವರ ಅನ್ನ ಹೋದೀತೆಂಬುದು ಅವಳ ಅಂಜಿಕೆಯಾಗಿತ್ತಂತೆ. ಅದನ್ನು ಮೂಢತನವೆಂದು ನಗಬೇಡಿ. 1811ರಲ್ಲಿ ಅದೇ ನಾಟಿಂಗ್‌ಹ್ಯಾಂ ಸೀಮೆಯಲ್ಲಿ ಕೂಲಿ ಕುಸಿದ ಹೆಣಿಗೆಗಾರರು ಇಂಥ ಯಂತ್ರಗಳನ್ನೇ ರಾತ್ರೋರಾತ್ರಿ ಒಡೆದರು. ಆದರೆ ಲೀ ಕೈಚೆಲ್ಲಲಿಲ್ಲ. ಸೂಜಿಗಳನ್ನು ಅಂಗುಲಕ್ಕೆ ಇಪ್ಪತ್ತರಷ್ಟು ಸಣ್ಣದಾಗಿಸಿ ರೇಷ್ಮೆಯನ್ನೂ ಹೆಣೆದು ತೋರಿಸಿದ. ಆಗಲೂ ಪತ್ರ ಸಿಗಲಿಲ್ಲ. 1600ರಲ್ಲಿ ಜಾರ್ಜ್ ಬ್ರೂಕ್ ಎಂಬವನೊಡನೆ ಪಾಲುದಾರಿಕೆ ಮಾಡಿಕೊಂಡರೆ, ಆತ ರಾಜದ್ರೋಹದ ಆರೋಪದಲ್ಲಿ 1603ರಲ್ಲಿ ತಲೆ ಕಳೆದುಕೊಂಡ.

ಯಂತ್ರದ ನಿಜವಾದ ಸೊಗಸು ಅದರ ವೇಗದಲ್ಲಿಲ್ಲ, ಆಕಾರ ಕೊಡುವುದರಲ್ಲಿದೆ. ಬಳ್ಳಾರಿಯ ಜೀನ್ಸ್ ಘಟಕಗಳನ್ನು ನೋಡಿದವರು ಬಲ್ಲರು: ಬಟ್ಟೆ ಕತ್ತರಿಸಿದಾಗ ಚೂರುಗಳು ನೆಲದ ಮೇಲೆ ರಾಶಿ ಬೀಳುತ್ತವೆ. ಲೀಯ ಯಂತ್ರದಲ್ಲಿ ಕತ್ತರಿ ಬೇಡ. ಅಂಚಿನ ಕುಣಿಕೆಯನ್ನು ಒಳಗಿನ ಸೂಜಿಗೆ ಸರಿಸಿದರೆ ಹೆಣಿಗೆ ಕಿರಿದಾಗುತ್ತದೆ, ಹೊರಗೆ ಒಂದು ಸೇರಿಸಿದರೆ ಅಗಲವಾಗುತ್ತದೆ. ಮೀನಖಂಡದ ಬಳಿ ಅಗಲ, ಹಿಮ್ಮಡಿಯ ಬಳಿ ಕಿರಿದು. ಸ್ವೆಟರಿಗೂ ಇದೇ ಸೂತ್ರ.

ನೀವೇ ಲೆಕ್ಕ ಹಾಕಿ ನೋಡಿ. ಮೊದಲು ಒಂದು ಮಾದರಿ ತುಂಡು ಹೆಣೆದು ಅಳೆಯಬೇಕು. ಹತ್ತು ಸೆಂಟಿಮೀಟರಿಗೆ 28 ಕುಣಿಕೆ, 40 ಸಾಲು ಬಂದಿತೆನ್ನಿ. ಐವತ್ತು ಸೆಂಟಿಮೀಟರ್ ಅಗಲದ ಬೆನ್ನಿಗೆ 140 ಸೂಜಿ ಬೇಕು. ತೋಳು ಮಣಿಕಟ್ಟಿನಲ್ಲಿ 20 ಸೆಂಟಿಮೀಟರ್, ಅಂದರೆ 56 ಕುಣಿಕೆ; ಮೇಲೆ 40 ಸೆಂಟಿಮೀಟರ್, ಅಂದರೆ 112. ಹೆಚ್ಚಬೇಕಾದದ್ದು 56, ಬದಿಗೆ 28. ತೋಳಿನ ಉದ್ದ 42 ಸೆಂಟಿಮೀಟರಿಗೆ 168 ಸಾಲು. ಹಾಗಾದರೆ ಆರು ಸಾಲಿಗೊಮ್ಮೆ ಎರಡೂ ಬದಿಗೆ ಒಂದೊಂದು ಕುಣಿಕೆ. ಕೊನೆಗೆ ತಲೆಯ ಭಾಗ: ಕೊರಳಂಚಿನ ಕುಣಿಕೆಗಳನ್ನು ಮತ್ತೆ ಸೂಜಿಗೇರಿಸಿ ನೇರವಾಗಿ ಹೆಣೆದು, ಮಡಚಿ, ನೆತ್ತಿಯಲ್ಲಿ ಕೂಡಿಸಿದರೆ ಟೋಪಿ. ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಕೂಸಿನ ಕುಲಾವಿಯಂತೆಯೇ! ಗಣಿತ ಯಾವ ಉಪಯೋಗಕ್ಕೆ ಎಂದು ಕೇಳುವ ನಮ್ಮ ಹೆಣ್ಣುಮಕ್ಕಳಿಗೆ ಈ ತೋಳಿನ ಲೆಕ್ಕವನ್ನು ಕೊಡಿ.

ಇಂಗ್ಲೆಂಡಿನಲ್ಲಿ ದಾರಿ ಕಾಣದ ಲೀ ತಮ್ಮ ಜೇಮ್ಸ್ ಮತ್ತು ಕೆಲಸಗಾರರೊಡನೆ ಫ್ರಾನ್ಸಿಗೆ ಹೋದ. ಅಲ್ಲಿನ ದೊರೆ ನಾಲ್ಕನೆಯ ಹೆನ್ರಿಯ ಆಶ್ರಯದ ಭರವಸೆಯಿತ್ತು. 1610ರಲ್ಲಿ ದೊರೆಯ ಕೊಲೆಯಾಯಿತು. ರೂವಾನ್ ನಗರದಲ್ಲಿ ಹೊಸ ಪಾಲುದಾರನೊಡನೆ ಮತ್ತೆ ಪ್ರಯತ್ನಿಸಿದರೂ ಕೈಗೂಡಲಿಲ್ಲ. 1614ರ ಸುಮಾರಿಗೆ ಲೀ ಪರದೇಶದಲ್ಲೇ, ಫಲ ಕಾಣದೆ ತೀರಿಕೊಂಡ.

ಜೇಮ್ಸ್ ಯಂತ್ರಗಳೊಡನೆ ಇಂಗ್ಲೆಂಡಿಗೆ ಮರಳಿದ. ಕೆಲಸ ಕ್ರಮೇಣ ಬೇರೂರಿತು. 1657ರಲ್ಲಿ ಯಂತ್ರ ಹೆಣಿಗೆಗಾರರ ಸಂಘಕ್ಕೆ ಸರ್ಕಾರದ ಸನ್ನದು ದೊರೆಯಿತು. ಲೀಗೆ ಒಂದು ಹಕ್ಕುಪತ್ರ ಕೊಡದ ಅದೇ ದೇಶ 1696ರಲ್ಲಿ, ಅವನ ಯಂತ್ರವನ್ನು ಯಾರೂ ಗಡಿ ದಾಟಿಸಬಾರದೆಂದು ಕಾನೂನು ಮಾಡಿತು.