ಕರಕುಶಲ ಕಲೆಗಳ ಪೋಷಕಿ

ಮನುಷ್ಯನು ತನ್ನ ಕೈಯಾರೆ ಮಾಡಿಕೊಂಡ ಮೊದಮೊದಲ ವಸ್ತುಗಳಲ್ಲಿ ಮಣ್ಣಿನ ಮಡಕೆಯೂ ಒಂದು. ತಿರುಗುವ ತಿಗರಿಯ ಮೇಲೆ ಕುಂಬಾರನ ಬೆರಳುಗಳು ಆಡಿದಂತೆ ಹಸಿಮಣ್ಣು ರೂಪ ತಳೆಯುತ್ತದೆ. ಆವಿಗೆಯ ಬೆಂಕಿಯಲ್ಲಿ ಬೆಂದು ಗಟ್ಟಿಯಾಗುತ್ತದೆ. ಒಂದೇ ಕೈ ಮಾಡಿದ ಎರಡು ಮಡಕೆಗಳು ಕೂಡ ತದ್ರೂಪವಾಗಿರುವುದಿಲ್ಲ. ಯಂತ್ರಯುಗವು ಕಾಲಿಟ್ಟ ಮೇಲೆ ಇಂತಹ ವಸ್ತುಗಳು ನಮ್ಮ ಮನೆಗಳಿಂದ ಮರೆಯಾಗತೊಡಗಿದವು. ಅವುಗಳನ್ನು ಹುಡುಕಿ ಸಂಗ್ರಹಿಸಿದುದು ಮಾತ್ರವಲ್ಲದೆ, ಅವುಗಳನ್ನು ಮಾಡುವ ಕೈಗಳೂ ಬದುಕಿ ಬಾಳಬೇಕೆಂದು ಶ್ರಮಿಸಿದವರು ಕನ್ನಡ ನಾಡಿನ ಹೆಮ್ಮೆಯ ಪುತ್ರಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರು.

ಕಮಲಾದೇವಿಯವರು 1903ನೆಯ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದ ಉನ್ನತ ಅಧಿಕಾರಿಗಳಾಗಿದ್ದರು. ತಾಯಿ ಗಿರಿಜಾಬಾಯಿಯವರು ವಿದ್ಯಾಭಿಮಾನಿ, ಸ್ವತಂತ್ರ ಮನೋಭಾವದವರು. ಕಮಲಾದೇವಿಯವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ಸ್ವಲ್ಪ ಕಾಲದಲ್ಲಿಯೇ ವೈಧವ್ಯಕ್ಕೂ ಗುರಿಯಾದರು. ಆದರೂ ಅವರು ಎದೆಗುಂದದೆ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ವಿಧವೆಯರ ಮರುವಿವಾಹವನ್ನು ಸಮಾಜವು ಒಪ್ಪದಿದ್ದ ಆ ದಿನಗಳಲ್ಲಿ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು.

ಕುಲೀನ ಮನೆತನದ ಸ್ತ್ರೀಯರು ರಂಗಭೂಮಿಯನ್ನು ಹತ್ತಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ನಾಟಕಗಳಲ್ಲಿ ಅಭಿನಯಿಸಿದರು. ಸಂಸ್ಕೃತದ 'ಮೃಚ್ಛಕಟಿಕ' ನಾಟಕವನ್ನು ಆಧರಿಸಿದ 1931ರ ಮೂಕಚಿತ್ರದಲ್ಲಿಯೂ ಪಾತ್ರ ವಹಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅವರು ತೋರಿದ ಧೈರ್ಯವು ಅಸಾಧಾರಣವಾದುದು. ಮುಂಬಯಿಯ ಷೇರುಪೇಟೆಯನ್ನು ಹೊಕ್ಕು, ಕಾನೂನನ್ನು ಮುರಿದು ಮಾಡಿದ ಉಪ್ಪಿನ ಪೊಟ್ಟಣಗಳನ್ನು ಅಲ್ಲಿಯೇ ಮಾರಿ, ಅವರು ಸೆರೆಮನೆಯನ್ನು ಸೇರಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಮಲಾದೇವಿಯವರು ಅಮೆರಿಕ, ಜಪಾನ್, ಚೀನಾ ದೇಶಗಳಲ್ಲಿ ಪ್ರವಾಸ ಮಾಡಿದರು. ಆ ವೇಳೆಗೆ ಜಪಾನಿನಲ್ಲಿಯೂ ಕಾರ್ಖಾನೆಯ ಸರಕುಗಳು ಕೈಕೆಲಸದವರ ಅನ್ನವನ್ನು ಕಸಿಯತೊಡಗಿದ್ದವು. ಅಲ್ಲಿನ ಯನಾಗಿ ಸೊಯೆತ್ಸು ಎಂಬ ವಿದ್ವಾಂಸರು ಹಳ್ಳಿಯ ಕುಂಬಾರರು ಮಾಡಿದ ಬಟ್ಟಲು, ಹೂಜಿ, ಜಾಡಿಗಳನ್ನು ಸಂಗ್ರಹಿಸಿ, ದಿನಬಳಕೆಯ ವಸ್ತುಗಳಲ್ಲಿಯೇ ಶ್ರೇಷ್ಠ ಸೌಂದರ್ಯವಿದೆಯೆಂದು ಸಾರಿದರು. 1936ರಲ್ಲಿ ಟೋಕಿಯೋ ನಗರದಲ್ಲಿ ಇಂತಹ ವಸ್ತುಗಳಿಗಾಗಿ ಒಂದು ಸಂಗ್ರಹಾಲಯವನ್ನು ತೆರೆದರು. ಅವರ ಒಡನಾಡಿಯಾಗಿದ್ದ ಹಮಾದಾ ಶೋಜಿ ಎಂಬ ಕುಂಬಾರ ಕಲಾವಿದರನ್ನು ಜಪಾನ್ ಸರ್ಕಾರವು 1955ರಲ್ಲಿ ರಾಷ್ಟ್ರದ ಜೀವಂತ ಸಂಪತ್ತೆಂದು ಗೌರವಿಸಿತು. ವಸ್ತುವಿನ ಜೊತೆಗೆ ಅದನ್ನು ಮಾಡುವವನನ್ನೂ ಕಾಪಾಡಬೇಕೆಂಬ ಅರಿವು ಅಲ್ಲಿ ಹೀಗೆ ಬೇರೂರಿತು.

ಸ್ವತಂತ್ರ ಭಾರತದಲ್ಲಿ ಈ ಸಮಸ್ಯೆಯು ಇನ್ನೂ ದೊಡ್ಡದಾಗಿತ್ತು. ಆಶ್ರಯ ನೀಡುತ್ತಿದ್ದ ಅರಮನೆಗಳು ಬಾಗಿಲು ಮುಚ್ಚಿದವು. ಪೇಟೆಯಲ್ಲಿ ಅಗ್ಗದ ಸರಕು ತುಂಬಿತು. ದೇಶ ವಿಭಜನೆಯಿಂದ ನಿರಾಶ್ರಿತರಾಗಿ ಬಂದವರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ದುಡಿದ ಕಮಲಾದೇವಿಯವರು, ಕೈಕಸುಬು ಮನುಷ್ಯನಿಗೆ ಅನ್ನವನ್ನೂ ಆತ್ಮಗೌರವವನ್ನೂ ನೀಡಬಲ್ಲದೆಂಬುದನ್ನು ಕಂಡುಕೊಂಡರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ಹೊಣೆಯನ್ನು ಹೊತ್ತು ಊರೂರು ಸುತ್ತಿದರು. ಶಿವಮೊಗ್ಗದಿಂದ ಕುಂಸಿಯ ಮಾರ್ಗವಾಗಿ ಹೋದರೆ ಸಿಗುವ ಸಾಗರದ ಗುಡಿಗಾರರ ಗಂಧದ ಕೆತ್ತನೆ, ಚನ್ನಪಟ್ಟಣದ ಅರಗಿನ ಆಟಿಕೆ, ಬೀದರಿನ ಬಿದರಿ ಪಾತ್ರೆ ಮೊದಲಾದ ಕಲೆಗಳಿಗೆ ನಮ್ಮ ನಾಡು ಹೆಸರಾಗಿದೆ. ಇಂತಹ ಕಲೆಗಳು ದೇಶದ ಮೂಲೆಮೂಲೆಯಲ್ಲಿಯೂ ಇದ್ದವು. ಅವುಗಳನ್ನು ಬಲ್ಲ ಕೈಗಳು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದವು.

ಜಯಪುರದ ನೀಲಿ ಪಾತ್ರೆಗಳ ಕಥೆ ಇದಕ್ಕೊಂದು ನಿದರ್ಶನ. ಈ ಪಾತ್ರೆಗಳಿಗೆ ಸಾಮಾನ್ಯ ಜೇಡಿಮಣ್ಣನ್ನು ಬಳಸುವುದಿಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಣ್ಣು ಮತ್ತು ಅಂಟನ್ನು ಕಲಸಿ, ಅಚ್ಚಿನಲ್ಲಿ ಒತ್ತಿ ರೂಪಿಸುತ್ತಾರೆ. ಮೇಲೆ ನೀಲಿಯ ಚಿತ್ತಾರ ಬರೆದು, ಹೊಳಪಿನ ಲೇಪ ಕೊಟ್ಟು ಸುಡುತ್ತಾರೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಈ ವಿದ್ಯೆಯು ಅಳಿವಿನ ಅಂಚಿಗೆ ಬಂದಿತ್ತು. ಹಳೆಯ ಪಾತ್ರೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರೆ ಪಾತ್ರೆಗಳು ಉಳಿಯುತ್ತಿದ್ದವು, ವಿದ್ಯೆ ಉಳಿಯುತ್ತಿರಲಿಲ್ಲ. ಶಾಂತಿನಿಕೇತನದಲ್ಲಿಯೂ ಜಪಾನಿನಲ್ಲಿಯೂ ಕಲಾಭ್ಯಾಸ ಮಾಡಿದ್ದ ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತರಿಗೆ ಕಮಲಾದೇವಿಯವರು ಪ್ರೋತ್ಸಾಹವಿತ್ತರು. ಮಹಾರಾಣಿ ಗಾಯತ್ರೀದೇವಿಯವರ ಬೆಂಬಲವೂ ದೊರೆಯಿತು. ಶೇಖಾವತರು ಹಲವರಿಗೆ ಈ ಕಲೆಯನ್ನು ಕಲಿಸಿದರು. ನಂದಿಹೋಗಲಿದ್ದ ಆವಿಗೆಗಳು ಮತ್ತೆ ಉರಿದವು. ಎಷ್ಟೋ ಕುಟುಂಬಗಳಿಗೆ ಅದೇ ಜೀವನೋಪಾಯವಾಯಿತು.

ಸಂಗ್ರಹ, ಶಿಕ್ಷಣ, ಮಾರುಕಟ್ಟೆ ಇವು ಮೂರೂ ಒಟ್ಟಿಗೆ ಸಾಗಬೇಕೆಂಬುದು ಕಮಲಾದೇವಿಯವರ ನಿಲುವಾಗಿತ್ತು. ಕರಕುಶಲ ಮಂಡಲಿಯು ಕೂಡಿಸಿದ ವಸ್ತುಗಳು ದೆಹಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯಕ್ಕೆ ತಳಹದಿಯಾದವು. ಅಲ್ಲಿನ ಒಂದೊಂದು ವಸ್ತುವೂ ಮುಂದಿನ ಕುಶಲಕರ್ಮಿಗಳಿಗೆ ಮೇಲ್ಪಂಕ್ತಿಯಾಗಲೆಂಬುದೇ ಅದರ ಉದ್ದೇಶ. ಬೆಂಗಳೂರು ಮುಂತಾದ ನಗರಗಳಲ್ಲಿ ವಿನ್ಯಾಸ ಕೇಂದ್ರಗಳು ಆರಂಭವಾದವು. ಮಾರಾಟ ಮಳಿಗೆಗಳ ಮೂಲಕ ಹಳ್ಳಿಯ ಕೆಲಸಗಾರನ ವಸ್ತುವು ಪಟ್ಟಣದ ಮನೆಯನ್ನು ತಲುಪಿತು. 1965ರಿಂದ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಯನ್ನು ನೀಡುವ ಸಂಪ್ರದಾಯವು ಮೊದಲಾಯಿತು. ಹೆಸರಿಲ್ಲದೆ ದುಡಿಯುತ್ತಿದ್ದವರಿಗೆ ಹೆಸರು ಬಂದಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿಕೊಂಡು ಬಂದವು. 1988ನೆಯ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಕಮಲಾದೇವಿಯವರು ಕಾಲವಶರಾದರು.

ಕೈಯಿಂದ ಕೈಗೆ ದಾಟಿ ಬರುವ ವಿದ್ಯೆಯು ಒಂದು ತಲೆಮಾರಿನಲ್ಲಿ ತಪ್ಪಿಹೋದರೆ ಅದನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಒಡೆದ ಮಡಕೆಗೆ ಬದಲಾಗಿ ಇನ್ನೊಂದನ್ನು ಮಾಡಬಹುದು. ಮಾಡಬಲ್ಲ ಕೈ ಇಲ್ಲವಾದರೆ ಏನನ್ನು ಮಾಡುವುದು? ಈ ಸತ್ಯವನ್ನು ಅರಿತು, ಭಾರತದ ಕುಶಲಕರ್ಮಿಗಳ ಮನೆಯಲ್ಲಿ ಒಲೆಯೂ ಆವಿಗೆಯೂ ಆರದಂತೆ ನೋಡಿಕೊಂಡ ಕಮಲಾದೇವಿಯವರ ಸೇವೆ ಚಿರಸ್ಮರಣೀಯವಾದುದು.