ಯುದ್ಧಭೂಮಿಯಿಂದ ಬಂದ ಒಂದು ಲೆಕ್ಕ

ಜರ್ಮನಿಗೆ ಬಂದ ಹೊಸದರಲ್ಲಿ ಭಾಷಾ ತರಗತಿಯಲ್ಲಿ ಬಣ್ಣಗಳ ಹೆಸರು ಬಾಯಿಪಾಠ ಮಾಡಿದ್ದು ನಮಗೆಲ್ಲ ನೆನಪಿರಬೇಕು. ‘ಶ್ವಾರ್ಟ್ಸ್’ ಅಂದ್ರೆ ಕಪ್ಪು, ‘ಶಿಲ್ಡ್’ ಅಂದ್ರೆ ಗುರಾಣಿ. ಎರಡೂ ಸೇರಿದ ಹೆಸರಿನವರೇ ಕಪ್ಪುಕುಳಿಯ ಮೊದಲ ಲೆಕ್ಕ ಮಾಡಿದ್ದು ಕಾಕತಾಳೀಯ. ಆದರೆ ಅದನ್ನು ಮಾಡಿದ ಪರಿಸ್ಥಿತಿ ತಿಳಿದರೆ, ಪರೀಕ್ಷೆಗೆ ಟೈಮ್ ಸಾಲಲ್ಲ ಅಂತ ಗೊಣಗುವ ನಮಗೆ ನಾಚಿಕೆ ಆಗುತ್ತೆ.

ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಹುಟ್ಟಿದ್ದು 1873ರ ಅಕ್ಟೋಬರ್ 9ರಂದು, ಫ್ರಾಂಕ್‌ಫರ್ಟಿನ ಯಹೂದಿ ಮನೆತನದಲ್ಲಿ. 16ನೇ ವಯಸ್ಸಿಗೇ ಆಕಾಶಕಾಯಗಳ ಕಕ್ಷೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. 1901ರಲ್ಲಿ ಗಟಿಂಗೆನ್ ವೀಕ್ಷಣಾಲಯ, 1909ರಲ್ಲಿ ಪಾಟ್ಸ್‌ಡಾಮ್ ವೀಕ್ಷಣಾಲಯದ ಮುಖ್ಯಸ್ಥರಾದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ವಯಸ್ಸು 40 ದಾಟಿತ್ತು. ಆದರೂ ತಾವಾಗಿಯೇ ಸೇನೆ ಸೇರಿದರು. ಬೆಲ್ಜಿಯಂನಲ್ಲಿ ಹವಾಮಾನ ಕೇಂದ್ರದ ಕೆಲಸ, ಆಮೇಲೆ ಫಿರಂಗಿ ಗುಂಡುಗಳ ಹಾದಿಯ ಲೆಕ್ಕ.

1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಮೀಕರಣಗಳನ್ನು ಮಂಡಿಸಿದರು. ಅವು ಎಷ್ಟು ಕಷ್ಟ ಅಂದ್ರೆ, ಬುಧಗ್ರಹದ ಕಕ್ಷೆಗೆ ಸ್ವತಃ ಐನ್‌ಸ್ಟೈನರೇ ಅಂದಾಜು ಉತ್ತರದಲ್ಲಿ ತೃಪ್ತಿಪಟ್ಟಿದ್ದರು. ಕೆಲವೇ ವಾರಗಳಲ್ಲಿ ಶ್ವಾರ್ಟ್ಸ್‌ಶಿಲ್ಡ್ ಯುದ್ಧಭೂಮಿಯಿಂದಲೇ ನಿಖರ ಉತ್ತರ ಕಳಿಸಿದರು: ತಿರುಗದೆ ನಿಂತ ಒಂದು ಗುಂಡನೆಯ ಕಾಯದ ಸುತ್ತ ಗುರುತ್ವ ಹೇಗಿರುತ್ತೆ ಅಂತ. 1916ರ ಜನವರಿ 13ರಂದು ಐನ್‌ಸ್ಟೈನರೇ ಅದನ್ನು ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಅದರಲ್ಲೊಂದು ಗಡಿ ಅಡಗಿತ್ತು. ಸೂರ್ಯನನ್ನು 3 ಕಿಲೋಮೀಟರ್ ತ್ರಿಜ್ಯದೊಳಗೆ ಹಿಂಡಿದರೆ ಬೆಳಕೂ ಹೊರಬರಲಾರದು. ಭೂಮಿಗಾದರೆ ಆ ತ್ರಿಜ್ಯ 9 ಮಿಲಿಮೀಟರ್. ಈ ಗಡಿಯ ಪೂರ್ತಿ ಅರ್ಥ ಬಿಡಿಸಲು ದಶಕಗಳೇ ಬೇಕಾದವು. ಕಪ್ಪುಕುಳಿ ಅನ್ನೋ ಹೆಸರೂ ಆಗ ಇರಲಿಲ್ಲ.

ಅಷ್ಟರಲ್ಲಿ ಅವರ ಚರ್ಮದ ಮೇಲೆ ಬೊಬ್ಬೆಗಳು ಏಳತೊಡಗಿದ್ದವು. ಪೆಂಫಿಗಸ್ ಎಂಬ ಆ ಕಾಯಿಲೆಗೆ ಅಂದು ಮದ್ದಿರಲಿಲ್ಲ. 1916ರ ಮೇ 11ರಂದು, 42ನೇ ವಯಸ್ಸಿಗೆ, ತೀರಿಕೊಂಡರು. ಆಗ ನಾಲ್ಕು ವರ್ಷವೂ ತುಂಬಿರದ ಮಗ ಮಾರ್ಟಿನ್ ಮುಂದೆ ಖಗೋಳ ವಿಜ್ಞಾನಿಯೇ ಆದರು. ಆದರೆ ಅಪ್ಪ ದುಡಿದು ಸತ್ತ ದೇಶವನ್ನು ನಾಜಿಗಳ ಕಾಲದಲ್ಲಿ ಮಗ ಬಿಟ್ಟು ಹೋಗಬೇಕಾಯಿತು.

ಕಾರ್ಲ್ ತೀರಿಕೊಂಡ ಮರು ತಿಂಗಳೇ ಐನ್‌ಸ್ಟೈನ್ ಗುರುತ್ವದ ಅಲೆಗಳ ಬಗ್ಗೆ ಬರೆದರು. ಗುರುತ್ವದಲ್ಲಿ ಆದ ಬದಲಾವಣೆ ತಕ್ಷಣ ಎಲ್ಲೆಡೆ ಮುಟ್ಟಲ್ಲ, ಬೆಳಕಿನ ವೇಗದಲ್ಲಿ ಸಾಗುತ್ತೆ. ಸೂರ್ಯನ ಹತ್ತಿರ ಏನಾದರೂ ಏರುಪೇರಾದರೆ ನಮಗೆ ಸುದ್ದಿ ಮುಟ್ಟುವುದು ಎಂಟು ನಿಮಿಷ ಕಳೆದ ಮೇಲೆ. ಸರಿ, ಅಂಥ ಅಲೆ ಶ್ವಾರ್ಟ್ಸ್‌ಶಿಲ್ಡರ ಆ ನಿಶ್ಚಲ ಕಪ್ಪುಕುಳಿಗೇ ಬಡಿದರೆ?

ಉತ್ತರ ಕೊಟ್ಟವರು ನಮ್ಮ ಬೆಂಗಳೂರಿನವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ನಮ್ಮ ಹಾಗೇ ಊರು ಬಿಟ್ಟು ಅಮೆರಿಕಕ್ಕೆ ಹೋದ ಸಿ. ವಿ. ವಿಶ್ವೇಶ್ವರ. ಅಲೆಯ ಒಂದಿಷ್ಟು ಭಾಗವನ್ನು ಕಪ್ಪುಕುಳಿ ನುಂಗುತ್ತೆ. ತಾನೂ ನಡುಗಿ, ಕ್ಷೀಣಿಸುವ ಅಲೆಗಳನ್ನು ಹೊಮ್ಮಿಸಿ, ಮತ್ತೆ ಸುಮ್ಮನಾಗುತ್ತೆ ಅಂತ 1970ರಲ್ಲಿ ತೋರಿಸಿದರು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ, ಬಿದ್ದದ್ದು ಯಾವುದು ಅಂತ ಅಮ್ಮ ಸದ್ದಿನಲ್ಲೇ ಹೇಳ್ತಾರಲ್ವಾ? ಹಾಗೇ ಈ ನಡುಕದಿಂದ ಕಪ್ಪುಕುಳಿಯ ತೂಕ ಹೇಳಬಹುದು.

2015ರ ಸೆಪ್ಟೆಂಬರ್ 14ರಂದು, ಎರಡು ಕಪ್ಪುಕುಳಿಗಳು ಒಂದಾದ ಅಲೆ ಸುಮಾರು 130 ಕೋಟಿ ವರ್ಷ ಸಾಗಿ ಲೈಗೋ ಉಪಕರಣಗಳಿಗೆ ಸಿಕ್ಕಿತು. ಶ್ವಾರ್ಟ್ಸ್‌ಶಿಲ್ಡ್ ಆ ಲೆಕ್ಕ ಕಳಿಸಿ ಆಗ ನೂರು ವರ್ಷ ತುಂಬುವುದರಲ್ಲಿತ್ತು. ಅವರಿಗೆ ಸಿಕ್ಕಿದ್ದು ಕೆಲವೇ ತಿಂಗಳು. ಬಿಟ್ಟುಹೋದ ಕೆಲಸವನ್ನು ಅವರು ಕಾಣದ ಊರಿನ ಹುಡುಗನೊಬ್ಬ ಮುಂದುವರಿಸಿದ. ಅರ್ಧಕ್ಕೆ ನಿಂತ ಪ್ರಾಜೆಕ್ಟ್ ನೋಡಿ ನಾವು ಕೈಚೆಲ್ಲಿ ಕೂತ ದಿನ ಇದನ್ನು ನೆನೆಯೋಣ.