ಬೆಳಕಿನ ಮೂಲವನ್ನು ಅರಸಿದ ವಿಜ್ಞಾನಿ: ಡಾ. ರಾಜಾ ರಾಮಣ್ಣ

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಸೀಮೆಯಲ್ಲಿರುವ ಹದಿನಾರು ಗ್ರಾಮವು ಮೈಸೂರು ಅರಸುಮನೆತನದ ಚರಿತ್ರೆಯ ಮೊದಲ ಪುಟದಲ್ಲಿಯೇ ಕಾಣಿಸಿಕೊಳ್ಳುವ ಊರು. 1399ರಲ್ಲಿ ಯದುರಾಯನು ಹದಿನಾಡಿನ ಒಡೆತನವನ್ನು ಪಡೆದು ರಾಜ್ಯಕ್ಕೆ ಅಡಿಗಲ್ಲನ್ನಿಟ್ಟನೆಂದು ಐತಿಹ್ಯ ಹೇಳುತ್ತದೆ. ಐದು ಶತಮಾನಗಳ ತರುವಾಯ ಅದೇ ಮನೆತನದ ರಾಜ್ಯದಲ್ಲಿ ಇನ್ನೊಂದು ಅಡಿಗಲ್ಲು ಬಿದ್ದಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯು 1902ರಲ್ಲಿ ಕಾರ್ಯಾರಂಭ ಮಾಡಿತು. ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ನೀರೂ ಆ ಜಲಪಾತದಲ್ಲಿ ಧುಮುಕಿ ವಿದ್ಯುತ್ತಾಗಿ ಪರಿಣಮಿಸಿತು.

ಆದರೆ ಆ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳೂ 1908ರಲ್ಲಿ ಮೈಸೂರು ನಗರವೂ ಬೆಳಗಿದವು. ನೀರು ಕೊಟ್ಟ ಹೊಳೆಯ ದಡದ ಹಳ್ಳಿಗಳಲ್ಲಿ ಮಾತ್ರ ಬುಡ್ಡಿದೀಪಗಳು ಇನ್ನೂ ದಶಕಗಳ ಕಾಲ ಉರಿಯುತ್ತಲೇ ಇದ್ದವು. ವಿದ್ಯುತ್ತು ಎಲ್ಲಿಂದ ಬರಬೇಕು, ಯಾರಿಗೆ ಸಲ್ಲಬೇಕು ಎಂಬ ಎರಡು ಪ್ರಶ್ನೆಗಳು ಅಂದೇ ಈ ನಾಡಿನಲ್ಲಿ ಹುಟ್ಟಿಕೊಂಡವು. ಇವುಗಳಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರವನ್ನರಸುತ್ತ ಜೀವಮಾನವನ್ನು ಸವೆಸಿದ ಕನ್ನಡಿಗರಲ್ಲಿ ಡಾ. ರಾಜಾ ರಾಮಣ್ಣನವರು ಅಗ್ರಗಣ್ಯರು.

ರಾಮಣ್ಣನವರು ಜನಿಸಿದ್ದು 1925ರ ಜನವರಿ 28ರಂದು, ತುಮಕೂರಿನಲ್ಲಿ. ತಂದೆ ಬಿ. ರಾಮಣ್ಣನವರು ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ತಾಯಿ ರುಕ್ಮಿಣಮ್ಮನವರು ಸಾಹಿತ್ಯಾಭಿರುಚಿಯುಳ್ಳ ಗೃಹಿಣಿ. ತಾಯಿಯ ಸಹೋದರಿ ರಾಜಮ್ಮನವರು ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಬಾಲಕನ ಮನಸ್ಸಿನ ಮೇಲೆ ಈ ಇಬ್ಬರು ಮಹಿಳೆಯರ ಪ್ರಭಾವವು ಆಳವಾಗಿ ಬಿದ್ದಿತು. ಎಳವೆಯಲ್ಲಿಯೇ ಪಿಯಾನೋ ವಾದನದಲ್ಲಿ ಆಸಕ್ತಿ ಮೂಡಿತು. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ವ್ಯಾಸಂಗ ನಡೆಸಿ, ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದರು.

ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ವಿಜ್ಞಾನಕ್ಕಿಂತ ಮೊದಲು ಸಂಗೀತವೇ ಎಂಬುದು ಸ್ವಾರಸ್ಯಕರವಾದ ಸಂಗತಿ. 1944ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರೊಬ್ಬರ ಮೂಲಕ ಅವರಿಗೆ ಹೋಮಿ ಭಾಭಾ ಅವರ ಪರಿಚಯವಾಯಿತು. ಭಾಭಾ ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಪಾಶ್ಚಾತ್ಯ ಸಂಗೀತದ ಮೇಲಣ ಸಮಾನ ಪ್ರೀತಿಯಿಂದ ಬೆಳೆದ ಈ ಸ್ನೇಹವು ಮುಂದೆ ಗುರುಶಿಷ್ಯ ಬಾಂಧವ್ಯವಾಗಿ ಗಟ್ಟಿಗೊಂಡಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮುಗಿಸಿ ಸ್ವದೇಶಕ್ಕೆ ಮರಳಿದ ರಾಮಣ್ಣನವರು 1949ರಲ್ಲಿ, ಭಾಭಾ ಅವರ ಕರೆಯಂತೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು.

ಸ್ವಾತಂತ್ರ್ಯ ಬಂದು ಎರಡೇ ವರ್ಷಗಳಾಗಿದ್ದ ಆ ಕಾಲದಲ್ಲಿ ದೇಶದ ಬಹುಪಾಲು ಮನೆಗಳಿಗೆ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ಅಂತಹ ದೇಶಕ್ಕೆ ಪರಮಾಣುವಿನ ಗೊಡವೆ ಏಕೆಂದು ಕೇಳಿದವರೂ ಇದ್ದರು. ಭಾಭಾ ಅವರ ಆಲೋಚನೆ ಬೇರೆಯಾಗಿತ್ತು. ದೇಶದ ಕಲ್ಲಿದ್ದಲು ಕೆಲವೇ ಪ್ರಾಂತ್ಯಗಳಲ್ಲಿ ಅಡಕವಾಗಿದೆ. ನದಿಗಳು ಮಳೆಯನ್ನು ನಂಬಿವೆ. ಯುರೇನಿಯಂ ಅಲ್ಪ, ಆದರೆ ಕರಾವಳಿಯ ಮರಳಿನಲ್ಲಿ ಥೋರಿಯಂ ಹೇರಳ. ಆದ್ದರಿಂದ ಮೊದಲ ಘಟ್ಟದಲ್ಲಿ ಸಹಜ ಯುರೇನಿಯಂ ಮತ್ತು ಭಾರಜಲದ ಸ್ಥಾವರಗಳು, ಎರಡನೆಯ ಘಟ್ಟದಲ್ಲಿ ಅವುಗಳಿಂದ ದೊರೆಯುವ ಪ್ಲುಟೋನಿಯಂ ಬಳಸುವ ವೇಗವರ್ಧಕ ರಿಯಾಕ್ಟರುಗಳು, ಮೂರನೆಯ ಘಟ್ಟದಲ್ಲಿ ಥೋರಿಯಂ ಎಂಬ ಕ್ರಮವನ್ನು ಅವರು ರೂಪಿಸಿದರು. ರಾಮಣ್ಣನವರು ಈ ಕ್ರಮವನ್ನು ತಮ್ಮ ಬಾಳಿನ ದುಡಿಮೆಯಾಗಿ ಸ್ವೀಕರಿಸಿದರು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಎಂಬ ರಿಯಾಕ್ಟರು ಚಾಲನೆಗೊಂಡಾಗ ಅದರ ಹಿಂದೆ ದುಡಿದ ತಂಡದಲ್ಲಿ ರಾಮಣ್ಣನವರೂ ಇದ್ದರು. ನ್ಯೂಟ್ರಾನುಗಳ ವರ್ತನೆ ಮತ್ತು ಪರಮಾಣು ಬೀಜದ ವಿದಳನವನ್ನು ಕುರಿತ ಅವರ ಸಂಶೋಧನೆಗಳಿಗೆ 1963ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯ ಮನ್ನಣೆ ದೊರೆಯಿತು. ಇದಕ್ಕೂ ಮಿಗಿಲಾದದ್ದು 1957ರಲ್ಲಿ ಆರಂಭಗೊಂಡ ಟ್ರಾಂಬೆಯ ತರಬೇತಿ ಶಾಲೆಗಾಗಿ ಅವರು ವಹಿಸಿದ ಶ್ರಮ. ವಿಶ್ವವಿದ್ಯಾನಿಲಯಗಳಿಂದ ಹೊರಬಂದ ತರುಣ ಪದವೀಧರರನ್ನು ಆರಿಸಿ, ಒಂದು ವರ್ಷ ಕಾಲ ಕಟ್ಟುನಿಟ್ಟಾಗಿ ಕಲಿಸಿ, ಅಣುಶಕ್ತಿಯ ಕೆಲಸಕ್ಕೆ ಅಣಿಗೊಳಿಸುವ ಈ ಶಾಲೆಯಿಂದಲೇ ದೇಶದ ಪರಮಾಣು ವಿಜ್ಞಾನಿಗಳ ತಲೆಮಾರುಗಳು ಹೊರಬಂದವು. ಯಂತ್ರಗಳನ್ನು ಹೊರದೇಶದಿಂದ ಕೊಂಡುತರಬಹುದು, ಅವುಗಳನ್ನು ಅರಿತು ನಡೆಸುವವರನ್ನು ಇಲ್ಲಿಯೇ ಬೆಳೆಸಬೇಕು ಎಂಬ ವಿವೇಕವು ಆ ಶಾಲೆಯ ತಳಹದಿಯಾಗಿತ್ತು.

1966ರ ಜನವರಿ 24ರಂದು ಭಾಭಾ ಅವರು ವಿಮಾನ ದುರಂತದಲ್ಲಿ ಅಸುನೀಗಿದರು. 1972ರಲ್ಲಿ ಗುರುವಿನ ಹೆಸರನ್ನೇ ಹೊತ್ತ ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕತ್ವವು ಶಿಷ್ಯನ ಹೆಗಲೇರಿತು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾಣದಲ್ಲಿ ನಡೆದ ಭೂಗರ್ಭ ಪರಮಾಣು ಸ್ಫೋಟದ ವೈಜ್ಞಾನಿಕ ನಾಯಕತ್ವ ಅವರದೇ ಆಗಿತ್ತು. ದೇಶವೇ ಅವರನ್ನು ಕೊಂಡಾಡಿತು. 1975ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯೂ ಸಂದಿತು.

ಆದರೆ ಈ ಸಾಧನೆಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಸ್ಫೋಟದ ತರುವಾಯ ಕೆನಡಾ ದೇಶವು ತನ್ನ ನೆರವನ್ನು ನಿಲ್ಲಿಸಿತು. ರಾಜಸ್ಥಾನದಲ್ಲಿ ಅರ್ಧದಲ್ಲಿದ್ದ ಎರಡನೆಯ ವಿದ್ಯುತ್ ಸ್ಥಾವರವನ್ನು ಭಾರತೀಯರೇ ಪೂರ್ಣಗೊಳಿಸಬೇಕಾಯಿತು. ಅದು ಉತ್ಪಾದನೆಗೆ ತೊಡಗುವಾಗ 1981 ಬಂದಿತ್ತು. 1969ರಿಂದ ನಡೆಯುತ್ತಿದ್ದ ತಾರಾಪುರದ ಸ್ಥಾವರಕ್ಕೆ ಅಮೆರಿಕದಿಂದ ಬರಬೇಕಾದ ಇಂಧನಕ್ಕೂ ಅಡಚಣೆಯುಂಟಾಯಿತು. ಅಣುವಿನಿಂದ ವಿದ್ಯುತ್ತನ್ನು ಬಯಸಿದವರ ಕೈಯಿಂದಲೇ ಆ ವಿದ್ಯುತ್ತಿನ ದಾರಿ ದುರ್ಗಮವಾಯಿತೆಂಬ ಆಕ್ಷೇಪಕ್ಕೆ ಇದರಿಂದ ಎಡೆಯಾಯಿತು. ಇದಕ್ಕೆ ರಾಮಣ್ಣನವರೂ ಸಹೋದ್ಯೋಗಿಗಳೂ ಕೊಟ್ಟ ಉತ್ತರ ಸ್ವಾವಲಂಬನೆಯ ದುಡಿಮೆ. ಭಾರಜಲ, ಇಂಧನದ ಕಡ್ಡಿಗಳು, ಒತ್ತಡದ ಕೊಳವೆಗಳು ಎಲ್ಲವನ್ನೂ ದೇಶದಲ್ಲಿಯೇ ತಯಾರಿಸಲು ಕಲಿಯಲಾಯಿತು. 1983ರಲ್ಲಿ ಕಲ್ಪಾಕ್ಕಂನ ಸ್ಥಾವರವು ದೇಶೀಯ ಶ್ರಮದಿಂದಲೇ ಚಾಲನೆಗೊಂಡಿತು. ಅದೇ ವರ್ಷ ರಾಮಣ್ಣನವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 1985ರಲ್ಲಿ ಟ್ರಾಂಬೆಯ ಧ್ರುವ ರಿಯಾಕ್ಟರೂ ಕಲ್ಪಾಕ್ಕಂನ ವೇಗವರ್ಧಕ ಪರೀಕ್ಷಾ ರಿಯಾಕ್ಟರೂ ಕಾರ್ಯಾರಂಭ ಮಾಡಿದವು.

ಅವರು ಅಧ್ಯಕ್ಷರಾಗಿದ್ದ ಆ ವರ್ಷಗಳಲ್ಲಿ ಕನ್ನಡ ನಾಡಿನ ವಿದ್ಯುತ್ತಿನ ಸ್ಥಿತಿ ಹೇಗಿತ್ತೆಂಬುದನ್ನು ನೋಡಿದರೆ ಅವರ ಕಾರ್ಯದ ಮಹತ್ವ ತಿಳಿಯುತ್ತದೆ. ಶರಾವತಿ, ಕಾಳಿ ನದಿಗಳ ಯೋಜನೆಗಳಿದ್ದರೂ ರಾಜ್ಯವು ಹೆಚ್ಚುಕಡಿಮೆ ಸಂಪೂರ್ಣವಾಗಿ ಜಲವಿದ್ಯುತ್ತನ್ನೇ ನಂಬಿತ್ತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಬಂದದ್ದು 1985ರಲ್ಲಿ. ಮಳೆ ತಪ್ಪಿದ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ, ಹೊಲದ ಪಂಪ್‌ಸೆಟ್ಟುಗಳಿಗೆ ರಾತ್ರಿಯ ಸರದಿ, ಪರೀಕ್ಷೆಗೆ ಓದುವ ಮಕ್ಕಳಿಗೆ ಸೀಮೆಎಣ್ಣೆಯ ದೀಪ ಎಂಬಂತಾಗಿತ್ತು.

ಸರ್ಕಾರದ ವಿದ್ಯುದೀಕರಣದ ಲೆಕ್ಕವಾದರೋ ಬೇರೊಂದು ಕಥೆಯನ್ನು ಹೇಳುತ್ತಿತ್ತು. 1997ರವರೆಗೆ ದೇಶದಲ್ಲಿದ್ದ ನಿಯಮದಂತೆ ಗ್ರಾಮದ ಎಲ್ಲೆಯೊಳಗೆ ಯಾವುದಾದರೊಂದು ಉದ್ದೇಶಕ್ಕೆ ವಿದ್ಯುತ್ತು ಬಳಕೆಯಾದರೆ ಸಾಕು, ಆ ಗ್ರಾಮವು ವಿದ್ಯುದೀಕೃತವೆಂದು ದಾಖಲಾಗುತ್ತಿತ್ತು. ಒಂದು ಪಂಪ್‌ಸೆಟ್ಟು ನಡೆದರೂ ಊರಿಗೆ ಊರೇ ಬೆಳಗಿದಂತೆ! 2004ರಲ್ಲಿ ನಿಯಮವನ್ನು ಬಿಗಿಗೊಳಿಸಿ, ಶೇಕಡ 10ರಷ್ಟು ಮನೆಗಳಿಗಾದರೂ ಸಂಪರ್ಕವಿರಬೇಕು, ಶಾಲೆ, ಪಂಚಾಯತಿಯಂತಹ ಸಾರ್ವಜನಿಕ ಸ್ಥಳಗಳಿಗೂ ವಿದ್ಯುತ್ತು ಇರಬೇಕು ಎಂದು ಮಾಡಲಾಯಿತು. ಉಳಿದ 90 ಮನೆಗಳ ಮಾತು ಆಗಲೂ ಲೆಕ್ಕದ ಹೊರಗೇ ಉಳಿಯಿತು. ಇತ್ತ 1980ರ ದಶಕದ ಆದಿಯಲ್ಲಿ ಕರ್ನಾಟಕದಲ್ಲಿ ಪಂಪ್‌ಸೆಟ್ಟುಗಳ ದರವನ್ನು ಮೀಟರಿನ ಬದಲು ಕುದುರೆಶಕ್ತಿಯ ಲೆಕ್ಕಕ್ಕೆ ಕಟ್ಟಲಾಯಿತು. ರೈತನಿಗೆ ನೆರವಾಗಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಖರ್ಚಾದ ವಿದ್ಯುತ್ತೆಷ್ಟು, ಸೋರಿಹೋದದ್ದೆಷ್ಟು ಎಂಬುದನ್ನು ಅಳೆಯುವ ಸಾಧನವೇ ಕೈತಪ್ಪಿತು. ಕಂಬಗಳು ಹೆಚ್ಚಿದವು, ತಂತಿಗಳು ಉದ್ದವಾದವು. ಅವುಗಳಲ್ಲಿ ಹರಿಯಬೇಕಾದ ವಿದ್ಯುತ್ತಿನ ಮೂಲ ಮಾತ್ರ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಈ ಕೊರತೆಯ ಹಿನ್ನೆಲೆಯಲ್ಲಿಯೇ ಉತ್ತರ ಕನ್ನಡದ ಕಾಳಿ ನದಿಯ ದಡದ ಕೈಗಾ ಯೋಜನೆಯು ರಾಮಣ್ಣನವರ ಅಧ್ಯಕ್ಷತೆಯ ಕಾಲದಲ್ಲಿ ರೂಪುಗೊಂಡಿತು. ಮಳೆಯನ್ನು ನೆಚ್ಚದ, ದೂರದ ಕಲ್ಲಿದ್ದಲಿಗೆ ಕಾಯದ ವಿದ್ಯುತ್ತು ಕರ್ನಾಟಕಕ್ಕೆ ಬೇಕೆಂಬುದು ಅದರ ಹಿಂದಿನ ವಾದ. ಆದರೆ 1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ನಡೆದ ದುರಂತವು ಲೋಕವನ್ನೇ ನಡುಗಿಸಿತು. ಪಶ್ಚಿಮ ಘಟ್ಟದ ಕಾಡಿನಲ್ಲಿ ಇಂತಹ ಸ್ಥಾವರ ಸಲ್ಲದೆಂದು ಜನರು ದನಿಯೆತ್ತಿದರು. ಕಡಲತೀರದ ಭಾರ್ಗವರೆಂದು ಹೆಸರಾದ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಈ ವಿರೋಧದ ಮುಂಚೂಣಿಗೆ ಬಂದು, 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಗೆಲುವು ದೊರೆಯದಿದ್ದರೂ ಅವರೆತ್ತಿದ ಪ್ರಶ್ನೆಗಳು ಉಳಿದವು. ಕನ್ನಡ ನಾಡಿನ ಇಬ್ಬರು ಮಹನೀಯರು, ಒಬ್ಬರು ನಾಡಿನ ಕಾಡನ್ನೂ ಮತ್ತೊಬ್ಬರು ನಾಡಿನ ಬೆಳಕನ್ನೂ ನೆನೆದು, ಒಂದೇ ಹೊಳೆಯ ದಡದಲ್ಲಿ ಎರಡು ಪಕ್ಷಗಳಾಗಿ ನಿಂತರು. ಇಬ್ಬರಲ್ಲಿ ಯಾರದೂ ಸ್ವಾರ್ಥವಾಗಿರಲಿಲ್ಲ.

ಸ್ಥಾವರದ ನಿರ್ಮಾಣವು 1989ರಲ್ಲಿ ತೊಡಗಿತು. 1994ರ ಮೇ ತಿಂಗಳಲ್ಲಿ ಕಟ್ಟಲಾಗುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರ ಕುಸಿಯಿತು. ಇಂಧನವನ್ನು ತುಂಬುವ ಮೊದಲೇ ಈ ಅವಘಡ ಸಂಭವಿಸಿದ್ದು ಪುಣ್ಯ. ವಿನ್ಯಾಸವನ್ನು ಮರುಪರಿಶೀಲಿಸಿ ಮತ್ತೆ ಕಟ್ಟಲಾಯಿತು. 2000ದಲ್ಲಿ ಮೊದಲ ಎರಡು ಘಟಕಗಳೂ, 2007 ಮತ್ತು 2011ರಲ್ಲಿ ಇನ್ನೆರಡೂ ವಿದ್ಯುತ್ತನ್ನು ನೀಡತೊಡಗಿದವು. ಒಟ್ಟು ಸಾಮರ್ಥ್ಯ 880 ಮೆಗಾವಾಟ್. 2018ರ ಡಿಸೆಂಬರ್ ಅಂತ್ಯಕ್ಕೆ ಕೈಗಾದ ಮೊದಲ ಘಟಕವು 962 ದಿನಗಳ ಕಾಲ ಎಡೆಬಿಡದೆ ನಡೆದು ವಿಶ್ವದಾಖಲೆಯನ್ನು ಸ್ಥಾಪಿಸಿತು. ಮಳೆ ಬರಲಿ, ಬರದಿರಲಿ ಉರಿಯುವ ದೀಪ ಸಾಧ್ಯವೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಹಾಗೆಂದು ಪರಮಾಣು ಇಲಾಖೆಯ ಲೆಕ್ಕಗಳೆಲ್ಲ ನೆರವೇರಿದವೆಂದು ಹೇಳಲಾಗದು. 2000ದ ವೇಳೆಗೆ 10,000 ಮೆಗಾವಾಟ್ ಪರಮಾಣು ವಿದ್ಯುತ್ತನ್ನು ಸಾಧಿಸುವ ಗುರಿಯನ್ನು 1984ರಲ್ಲಿ, ರಾಮಣ್ಣನವರ ಅಧ್ಯಕ್ಷತೆಯಲ್ಲಿಯೇ, ಮುಂದಿಡಲಾಗಿತ್ತು. ಆ ವರ್ಷ ಬಂದಾಗ ದೇಶದ ಸಾಮರ್ಥ್ಯವಿದ್ದದ್ದು ಸುಮಾರು 2,700 ಮೆಗಾವಾಟ್. ಹಣದ ಕೊರತೆ, ಹೊರದೇಶಗಳ ನಿರ್ಬಂಧ, ನಿರ್ಮಾಣದ ವಿಳಂಬಗಳು ಗುರಿಯನ್ನು ದೂರವಾಗಿಸಿದವು. ಗ್ರಾಮಗಳನ್ನು ಎಣಿಸಿದ ಸರ್ಕಾರದ ಲೆಕ್ಕವನ್ನು ಸಂಶಯಿಸುವವರು ಮೆಗಾವಾಟುಗಳನ್ನು ಎಣಿಸಿದ ಈ ಲೆಕ್ಕವನ್ನೂ ಅದೇ ಒರೆಗಲ್ಲಿಗೆ ತಿಕ್ಕಿ ನೋಡುವುದು ನ್ಯಾಯ. ರಾಮಣ್ಣನವರ ಹಿರಿಮೆ ಗುರಿಯ ಅಂಕಿಯಲ್ಲಿಲ್ಲ. ವಿದ್ಯುತ್ತಿನ ಮೂಲವನ್ನು ಸ್ವದೇಶದ ಬುದ್ಧಿಯಿಂದಲೇ ಕಟ್ಟಬಹುದೆಂದು ತೋರಿಸಿ, ಅದಕ್ಕೆ ಬೇಕಾದ ಜನರನ್ನು ಬೆಳೆಸಿದುದರಲ್ಲಿದೆ.

1987ರಲ್ಲಿ ಆಯೋಗದಿಂದ ನಿವೃತ್ತರಾದ ಮೇಲೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಜೆ.ಆರ್.ಡಿ. ಟಾಟಾ ಅವರ ಆಶಯದಂತೆ 1988ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾಗಿ ವಿಜ್ಞಾನ, ತತ್ತ್ವಶಾಸ್ತ್ರ, ಕಲೆಗಳನ್ನು ಒಂದೇ ಸೂರಿನಡಿ ತಂದರು. 1990ರಲ್ಲಿ ಕೇಂದ್ರದ ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿ, 1997ರಿಂದ 2003ರವರೆಗೆ ರಾಜ್ಯಸಭೆಯ ಸದಸ್ಯರಾಗಿ ಸೇವೆ ಸಲ್ಲಿಸಿದರು. ಭಾರತೀಯ ರಾಗಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ತೂಗಿ ನೋಡುವ ಗ್ರಂಥವನ್ನು ರಚಿಸಿದರು. ಪಿಯಾನೋ ಕೊನೆಯವರೆಗೂ ಅವರ ಒಡನಾಡಿಯಾಗಿತ್ತು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ, 79ನೆಯ ವಯಸ್ಸಿನಲ್ಲಿ ಅವರು ಕೀರ್ತಿಶೇಷರಾದರು. ಮರುವರ್ಷ ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ ಅವರ ಹೆಸರನ್ನಿರಿಸಿ ದೇಶವು ಗೌರವ ಸಲ್ಲಿಸಿತು.

2018ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಗ್ರಾಮಗಳೂ ವಿದ್ಯುದೀಕೃತವಾದವೆಂದು ಸರ್ಕಾರವು ಸಾರಿತು. ಹದಿನಾರಿನಂತಹ ಊರುಗಳ ಮನೆಗಳಲ್ಲಿ ಬುಡ್ಡಿದೀಪವು ಇಂದು ನೆನಪಿನ ವಸ್ತು. ಆದರೂ ದೇಶದ ಒಟ್ಟು ವಿದ್ಯುತ್ತಿನಲ್ಲಿ ಪರಮಾಣುವಿನ ಪಾಲು ಶೇಕಡ 3ರ ಆಸುಪಾಸಿನಲ್ಲಿಯೇ ನಿಂತಿದೆ. ಭಾಭಾ ಅವರು ಕಂಡ ಥೋರಿಯಂ ಘಟ್ಟವು ಇನ್ನೂ ದೂರವಿದೆ. ಗುಂಡಿ ಒತ್ತಿದೊಡನೆ ದೀಪ ಹೊತ್ತಿಕೊಳ್ಳುವ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ, ಆ ಬೆಳಕು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾರ ಕಾಡು, ಯಾರ ನೀರು, ಯಾರ ಶ್ರಮ ಸಂದಿದೆ ಎಂಬುದನ್ನು ಕೇಳಲು ಕಲಿಸುವುದು ಶಿಕ್ಷಕರ ಕೈಯಲ್ಲಿದೆ. ತುಮಕೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಅಕ್ಷರ ಕಲಿತ ಬಾಲಕನೊಬ್ಬನು ಈ ಪ್ರಶ್ನೆಯ ಒಂದು ಭಾಗವನ್ನು ಕೈಗೆತ್ತಿಕೊಂಡು ದೇಶಕ್ಕೆ ಒಂದು ದಾರಿಯನ್ನು ಕಡಿದುಕೊಟ್ಟನು. ಆ ದಾರಿಯ ಉಳಿದ ಭಾಗವನ್ನು ಕಡಿಯುವವರು ಇಂದು ಯಾವುದೋ ಹಳ್ಳಿಯ ಶಾಲೆಯ ಬೆಂಚಿನ ಮೇಲೆ ಕುಳಿತಿರಬಹುದು.